ಸದರಿ ಸೊಪ್ಪಿನ ಹೆಸರು ಬಯಲಾದ ಬಗ್ಗೆ

ರೇಣುಕಯ್ಯ ಬಿನ್ ಲೇಟ್ ನಾಗಲಿಂಗಯ್ಯ, 67 ವರ್ಷ, ಹುಳುಕಡ್ಡಿಗೆ ಸೊಪ್ಪು ಹಚ್ಚುವ ಕಸುಬು, ವಾಸ ಬಡವನಹಳ್ಳಿ, ಮಧುಗಿರಿ ತಾಲ್ಲೂಕು ಆದ ನಾನು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಮನೆತನದವರು ಪ್ರತಿ ಭಾನುವಾರ ಒಂದು ಸೊಪ್ಪನ್ನು ಯಾರೂ ಕಾಣದಂತೆ ಕಿತ್ತು, ಮಾತಾಡದೆ ಅರೆದು, ಬಂದವರಿಗೆ ಹಚ್ಚುತ್ತೇವೆ. ಹೆಸರು ಬಾಯಿಬಿಟ್ಟರೆ ಗುಣ ಹೋಗುತ್ತದೆಂದು ತಂದೆಯವರ ಕಟ್ಟಪ್ಪಣೆ. ಮದುವೆಯಾದಾಗಿನಿಂದ ಹೆಸರು ಹೇಳೆಂದು ಪೀಡಿಸುತ್ತಿರುವ ಹೆಂಡತಿ ಇಂದ್ರಮ್ಮನಿಗೂ ಹೇಳಿರುವುದಿಲ್ಲ. ಆದ್ದರಿಂದ ಇಲ್ಲಿ ಅದನ್ನು ಸದರಿ ಸೊಪ್ಪು ಎಂದು ಕರೆದಿರುತ್ತೇನೆ.

ನನಗೆ ಮಕ್ಕಳಿಲ್ಲ. ತಮ್ಮನ ಮಗಳು ಲೋಹಿತಾಳಿಗೆ ದೀಪ ಮುಟ್ಟಿಸಿ, ಆಣೆ ಹಾಕಿಸಿ, ಈ ವಿದ್ಯೆ ಕೊಟ್ಟಿದ್ದೆ. ಈಕೆ ಈಗ ಮಧುಗಿರಿಯಲ್ಲಿ ಕಾಲೇಜು ಉಪನ್ಯಾಸಕಿ.

ದಿನಾಂಕ 17-01-2026ರ ಶನಿವಾರ ಮಧ್ಯಾಹ್ನ 3-00 ಗಂಟೆಗೆ ಸದರಿ ಕಾಲೇಜಿನ ವಸ್ತುಪ್ರದರ್ಶನಕ್ಕೆ ಹೋಗಲಾಗಿ, ಗೋಡೆಯ ಮೇಲೆ ಆಳೆತ್ತರದ ಚಾರ್ಟು, ಅದರಲ್ಲಿ ಸದರಿ ಸೊಪ್ಪಿನ ಬಣ್ಣದ ಚಿತ್ರ, ಅಡಿಯಲ್ಲಿ ಹೆಸರು, ಅದೂ ಎರಡು ಭಾಷೆಯಲ್ಲಿ. ಲೋಹಿತಾ ಕ್ರಿಮಿ ಬೆಳೆಸಿದ ಒಂದು ಗಾಜಿನ ತಟ್ಟೆ ಹಿಡಿದು, ಸೊಪ್ಪಿನ ಸಾರದ ಸುತ್ತ ಕ್ರಿಮಿ ಬೆಳೆದಿಲ್ಲವೆಂದೂ, ಆಂಟಿಆಕ್ಸಿಡೆಂಟ್ ಗುಣವೂ ಇದೆಯೆಂದೂ, ಹೆಸರು ಸಮೇತ ಕೂಗಿ ಹೇಳುತ್ತಿದ್ದಳು.

"ಮನೆ ಮುರಿದ್ಬುಟ್ಟಲ್ಲೇ" ಎಂದು ನಾನು ಕೇಳಲಾಗಿ, "ಹೆಸರು ಹೇಳಿದ್ ಮ್ಯಾಲೂ ಕ್ರಿಮಿ ಸತ್ತವಲ್ಲ ದೊಡ್ಡಪ್ಪ, ನೀನೇ ನೋಡು" ಎಂದಳು. "ತಟ್ಟೆಗೆ ಕಿವಿ ಐತೇನಮ್ಮ? ಹುಳುಕಡ್ಡಿ ಇರೋದು ಮನುಷ್ಯನ ಮೈಮ್ಯಾಲೆ. ಅವನಿಗೆ ಕಿವಿ ಐತೆ" ಎಂದು ತಿಳುವಳಿಕೆ ಹೇಳಿದೆ. ಹುಡುಗರು ನಕ್ಕರು. ಆ ಸಮಯದಲ್ಲಿ ಚಾರ್ಟು ತಾನಾಗಿಯೇ ಬಂದು ನನ್ನ ಊರುಗೋಲಿಗೆ ತಗುಲಿ ಹರಿದಿರುತ್ತದೆ.

ಮರುದಿನ ಭಾನುವಾರ ನಮ್ಮ ಜಗಲಿಗೆ ಬಂದವರು ಇಬ್ಬರೇ. ಅವರೂ ಸೊಪ್ಪನ್ನು ತಾವೇ ಕಿತ್ತು ತಂದು, ಅರೆದುಕೊಟ್ಟರೆ ಸಾಕೆಂದರು. ಅರೆಯುವ ಕಲ್ಲನ್ನು ಮಗುಚಿ ಇಟ್ಟಿದ್ದೇನೆ.

ಈ ದಿನ ಬೆಳಗ್ಗೆ 10-30ಕ್ಕೆ ಇಂದ್ರಮ್ಮನೊಂದಿಗೆ ಠಾಣೆಗೆ ಬಂದೆ. ಹೇಳಿಕೆ ಬರೆದುಕೊಳ್ಳುತ್ತಿರುವ ಮುಖ್ಯಪೇದೆ ಕದಿರಯ್ಯನವರು ಸಾಕ್ಷ್ಯಕ್ಕೆ ಸೊಪ್ಪಿನ ಮಾದರಿ ಕೇಳಿದರು. ಗುರುತು ಸಿಗದಿರಲೆಂದು ಅರೆದೇ ತಂದಿದ್ದ ಉಂಡೆ ಕೊಟ್ಟೆ. ಅವರು ಮೂಸಿ, "ಅಯ್ಯೋ, ನಮ್ಮ ಬೇಲಿ ತುಂಬ ಇದೇ ಕಣ್ರೀ" ಎಂದು ನಕ್ಕು, ಹೆಸರನ್ನು ಠಾಣೆಗೆಲ್ಲ ಕೇಳುವಂತೆ ಹೇಳಿಬಿಟ್ಟರು.

ಪಕ್ಕದಲ್ಲಿದ್ದ ಇಂದ್ರಮ್ಮ, "ಇಷ್ಟೇಯಾ?" ಎಂದಳು.

ಆದ್ದರಿಂದ ಲೋಹಿತಾಳನ್ನು ಒಂದನೇ ಆರೋಪಿಯನ್ನಾಗಿಯೂ, ಸದರಿ ಕದಿರಯ್ಯನವರನ್ನು ಎರಡನೇ ಆರೋಪಿಯನ್ನಾಗಿಯೂ ಮಾಡಿ ಕ್ರಮ ಜರುಗಿಸಬೇಕೆಂದು ಕೋರುತ್ತೇನೆ.

ಇಷ್ಟನ್ನೂ ಕದಿರಯ್ಯನವರೇ ನನಗೆ ಓದಿ ಹೇಳಿದರು. ಎರಡನೇ ಆರೋಪಿಯ ಹೆಸರು ಬಂದಾಗ ಅವರ ದನಿ ತಗ್ಗಿತು. ಮಿಕ್ಕಂತೆ ಎಲ್ಲವೂ ನಾನು ಹೇಳಿದಂತೆಯೇ ಇದೆ, ನಿಜವೂ ಇದೆ.

ಸ್ಥಳ: ಠಾಣೆ
ದಿನಾಂಕ: 19-01-2026
ಸಹಿ: ರೇಣುಕಯ್ಯ