ವರದಿಗೆ ಸೇರದ ಗೋಡೆ

ಅಧ್ಯಕ್ಷ ಸ್ಥಾನದಲ್ಲಿರುವ, ಈ ಆಟವನ್ನು ತಯಾರಿಸಿದ ಸಂಸ್ಥೆಯ ಮುಖ್ಯಸ್ಥೆಯವರೇ, ಅವರ ಎಡಬಲದಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಗಣ್ಯರೇ, ಅರ್ಧ ಕಟ್ಟಿದ ಊರಿನಲ್ಲಿ ನನ್ನೊಡನೆ ಆರು ತಿಂಗಳು ಬಾಳಿದ ಸಭಿಕರೇ, ಹಾಗೂ ಮೂರನೆಯ ಸಾಲಿನಲ್ಲಿ ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತಿರುವ ನನ್ನ ಅಕ್ಕನವರೇ,

ಐದು ನಿಮಿಷ ಎಂದಿದ್ದಾರೆ. ಐದೇ ನಿಮಿಷ ಮಾತಾಡುತ್ತೇನೆ. ಮೂವತ್ತನಾಲ್ಕು ವರ್ಷ ಕಟ್ಟಡ ತಪಾಸಣಾಧಿಕಾರಿಯಾಗಿದ್ದವನು ನಾನು. ಅಳತೆ ಮೀರುವ ಅಭ್ಯಾಸವಿಲ್ಲ.

ಈ ಆನ್‌ಲೈನ್ ಆಟ ಇನ್ನೂ ಪ್ರಯೋಗದಲ್ಲಿದೆ, ತಪ್ಪುಗಳಿರುತ್ತವೆ, ಕೊನೆಗೆ ಎಲ್ಲವನ್ನೂ ಅಳಿಸುತ್ತೇವೆ ಎಂದು ಸಂಸ್ಥೆಯವರು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದರು. ಯಾರು ಓದಿದರು? ನೀವು ಓದಿದಿರಾ? ನಾನು ಓದಿದೆನೇ? ಎಲ್ಲರೂ 'ಒಪ್ಪಿಗೆ' ಒತ್ತಿ ಒಳಗೆ ನುಗ್ಗಿದೆವು. ಆಟದೊಳಗಿನ ಊರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮನೆ ಕೊಟ್ಟರು. ಪೂರ್ವದ ಆಕಾಶಕ್ಕೆ ಇನ್ನೂ ಬಣ್ಣ ಹಾಕಿರಲಿಲ್ಲ. ಅದು ಪೂರ್ವ ಭಾಗದವರ ಮೇಲಿನ ಮಲತಾಯಿ ಧೋರಣೆ ಎಂದು ಮೆರವಣಿಗೆ ಹೊರಟಿತು. ಮುಂದಾಳು ನಮ್ಮ ಹಲ್ಲಿನ ಡಾಕ್ಟರು. ಅವರು ಆಟದೊಳಗೇ ಉಪವಾಸ ಕುಳಿತರು. ನಲವತ್ತು ದಿನವಾದರೂ ಜಗ್ಗಲಿಲ್ಲ, ಬಗ್ಗಲಿಲ್ಲ. ಆಮೇಲೆ ತಿಳಿಯಿತು, ಆಟದಲ್ಲಿ ಹಸಿವನ್ನು ಇನ್ನೂ ಅಳವಡಿಸಿಯೇ ಇರಲಿಲ್ಲ! ನಗಬೇಡಿ. ಅವರು ಇಲ್ಲೇ ಇದ್ದಾರೆ. ನಾಳೆ ನಿಮ್ಮ ಹಲ್ಲು ಅವರ ಕೈಗೇ ಸಿಗಬೇಕು.

ನಾನೇನು ಕಡಿಮೆಯೇ? ಊರು ಪೂರ್ತಿಯಾಗಿದೆ ಎಂದೇ ನಂಬಿ, ಕಳಪೆ ಕಾಮಗಾರಿ ಎಂದು ಸಿಡಿದು, ತಪಾಸಣೆಗೆ ಇಳಿದೆ. ಗಾಳಿಯಲ್ಲಿ ತೇಲುವ ಮೆಟ್ಟಿಲಿಗೆ ನೋಟಿಸ್. ನೆರಳಿಲ್ಲದ ಮರಕ್ಕೆ ನೋಟಿಸ್. ತಲೆಕೆಳಗಾಗಿ ನಿಂತ ಅಂಚೆ ಕಚೇರಿಗೆ ಏಳು ದಿನದ ಗಡುವು. ಹೀಗೆ ಆರುನೂರ ಹನ್ನೊಂದು ವರದಿ. ಸಂಸ್ಥೆಯವರು ಅವನ್ನು ಮೆಚ್ಚಿ, ಅತಿ ಹೆಚ್ಚು ದೋಷ ಹುಡುಕಿದವನೆಂದು ಇಂದು ಈ ಫಲಕ ಕೊಟ್ಟಿದ್ದಾರೆ. ತಪ್ಪು ತೋರಿಸಿದ್ದಕ್ಕೆ ನನಗೆ ಚಪ್ಪಾಳೆ ಸಿಕ್ಕಿದ್ದು ಇದೇ ಮೊದಲು.

ಇದಕ್ಕೆ ಮುಂಚೆ ಸಿಕ್ಕಿದ್ದೇನು? ಹನ್ನೊಂದು ವರ್ಷದ ಹಿಂದೆ ಅಕ್ಕನ ಅಡುಗೆಮನೆಯ ಗೋಡೆ ಒಂಬತ್ತು ಇಂಚು ರಸ್ತೆಗೆ ಬಂದಿತ್ತು. ಅಳೆದೆ. ಬರೆದೆ. ಕೆಡವಿಸಿದೆ. ಕರ್ತವ್ಯವಲ್ಲವೇ? ಕರ್ತವ್ಯವೇ. ಆದರೆ ಆವತ್ತು ಅವಳು ನನಗೆಂದು ಟೀ ಮಾಡಿಕೊಟ್ಟಿದ್ದಳು. ಅದನ್ನು ಕುಡಿದು ಮುಗಿಸಿಯೇ ನಾನು ಅಳತೆಪಟ್ಟಿ ತೆಗೆದೆ. ಇದನ್ನು ಭಾಷಣಕ್ಕೆಂದು ಬರೆದುಕೊಂಡಿರಲಿಲ್ಲ. ಇರಲಿ. ಅಂದಿನಿಂದ ಮಾತಿಲ್ಲ.

ಈ ಆಟಕ್ಕೆ ಅವಳೂ ಸೇರಿದ್ದಳು. ಅವಳಿಗೆ ಸಿಕ್ಕಿದ್ದು ನನ್ನ ಪಕ್ಕದ ಮನೆ. ಒಂದು ಸಂಜೆ ಆಟದೊಳಗಿನ ನನ್ನ ಮನೆಯಲ್ಲಿ ಕುಳಿತು ವರದಿ ಬರೆಯುತ್ತಿದ್ದೆ. ನಡುಗೋಡೆಯನ್ನು ಹಾದು ಅವಳು ಸೀದಾ ಒಳಗೆ ನಡೆದು ಬಂದಳು. ಆ ಗೋಡೆಯನ್ನು ಗಟ್ಟಿ ಮಾಡಲು ಸಂಸ್ಥೆಯವರು ಮರೆತಿದ್ದರು. ಇಯರ್‌ಫೋನಿನಲ್ಲಿ ಅವಳ ದನಿ ಕೇಳಿಸಿತು: "ಏನೋ, ಊಟ ಆಯ್ತಾ?"

ಆ ಊರಿನಲ್ಲಿ ಊಟವೇ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಆಯ್ತು ಅಕ್ಕ," ಎಂದೆ. ಅವಳು ಗೋಡೆಯ ಕಡೆ ತಿರುಗಿ, "ಇದನ್ನೂ ಕೆಡವಿಸ್ತೀಯೇನೋ?" ಎಂದು ಕೇಳಿದಳು.

ಆಮೇಲೆ ದಿನವೂ ಬಂದಳು. ನಿಜವಾದ ಬೀದಿಯಲ್ಲಿ ಎದುರಾದರೆ ಮಾತ್ರ ಇಬ್ಬರೂ ಮುಖ ತಿರುಗಿಸುತ್ತಿದ್ದೆವು! ಸಂಸ್ಥೆಯವರು ಆ ಗೋಡೆಯ ಬಗ್ಗೆ ವಿಚಾರಿಸಿದಾಗ, 'ಪರಿಶೀಲಿಸಲಾಗಿದೆ, ಭದ್ರವಾಗಿದೆ' ಎಂದು ಬರೆದುಕೊಟ್ಟೆ. ಅದು ನನ್ನ ಜೀವಮಾನದ ಒಂದೇ ಒಂದು ಸುಳ್ಳು ವರದಿ. ಅಧ್ಯಕ್ಷರೇ, ಕ್ಷಮಿಸಿ, ಬೇಕಾದರೆ ಫಲಕ ವಾಪಸ್ ತೆಗೆದುಕೊಳ್ಳಿ.

ಆದರೂ ನಿಮ್ಮವರು ಅದನ್ನು ಕಂಡುಹಿಡಿದುಬಿಟ್ಟರು. ಪ್ರಯೋಗ ಇಂದಿಗೆ ಮುಗಿಯಿತು, ನಮ್ಮ ಊರೆಲ್ಲ ಅಳಿಸಿಹೋಗುತ್ತದೆ. ನಾಳೆ ಬರುವ ಪೂರ್ತಿ ಆಟದಲ್ಲಿ ಆಕಾಶಕ್ಕೆ ಬಣ್ಣ ಇರುತ್ತದೆ, ಹಸಿವೂ ಇರುತ್ತದೆ, ಗೋಡೆಗಳೆಲ್ಲ ಗಟ್ಟಿಯಾಗಿರುತ್ತವೆ. ಇನ್ನು ನನ್ನ ಅಕ್ಕ ಎಲ್ಲಿಂದ ಬರಬೇಕು?

ಈ ವೇದಿಕೆಯಿಂದ ಮೂರನೆಯ ಸಾಲಿಗೆ ಹದಿನಾಲ್ಕು ಹೆಜ್ಜೆ. ಸಭೆ ಶುರುವಾಗುವ ಮುಂಚೆಯೇ ಅಳೆದಿದ್ದೇನೆ. ನಡುವೆ ಗೋಡೆಯಿಲ್ಲ. ಕರೆದು ಗೌರವಿಸಿದ ಸಂಸ್ಥೆಗೂ ಸಹಿಸಿಕೊಂಡ ನಿಮಗೂ ಧನ್ಯವಾದ. ಅಕ್ಕಾ, ಆ ಚೀಲ ಸ್ವಲ್ಪ ತೆಗಿ, ಬರ್ತಾ ಇದ್ದೀನಿ. ಎಲ್ಲರಿಗೂ ನಮಸ್ಕಾರ.