ಕೊಡ ಹೊತ್ತ ಹುಡುಗಿಯ ಬಲಭುಜ

ಹೆಸರು: ಕೇದಾರಿ ದುಂಡಪ್ಪ ಬಾಗಿ. ವಯಸ್ಸು: 61. ಉದ್ಯೋಗ: ಅರಿವೆ ವ್ಯಾಪಾರ. ವಾಸ: ಬಜಾರ ಪೇಟೆ, ಹುಕ್ಕೇರಿ.

ಗೋಕಾಕ ಠಾಣೆಯಲ್ಲಿ ಫೌಜದಾರ ಸಾಹೇಬರ ಮುಂದೆ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ:

ದುರಸ್ತಿಗೆ ಕೊಟ್ಟ ನನ್ನ ಒಂದು ಗೊಂಬೆಯನ್ನು ಗೋಕಾಕದ ಚಿತ್ರಗಾರ ಸತ್ಯಪ್ಪ ಹಾಗೂ ಅವನ ಹೆಂಡತಿ ಯಮನವ್ವ ತಿರುಗಿ ಕೊಡದೆ ಇಟ್ಟುಕೊಂಡಿದ್ದಾರೆ ಎಂದು ನಿನ್ನೆ, ತಾರೀಖು 12-3-1931ರಂದು, ಇದೇ ಠಾಣೆಯಲ್ಲಿ ಫಿರ್ಯಾದು ಕೊಟ್ಟಿದ್ದೆ. ಆ ಸಂಬಂಧ ನನಗೆ ಗೊತ್ತಿರುವುದನ್ನು ಮೊದಲಿನಿಂದ ಬರೆಸುತ್ತಿದ್ದೇನೆ. ಆಡಿದ ಮಾತುಗಳನ್ನು ನೆನಪಿರುವಂತೆಯೇ ಹೇಳಿದ್ದೇನೆ.

ನನಗೆ ಗೋಕಾಕದ ಮರದ ಗೊಂಬೆಗಳನ್ನು ಕೂಡಿಸುವ ಹವ್ಯಾಸವಿದೆ. 1912ರಲ್ಲಿ ಸತ್ಯಪ್ಪನಿಗೆ ಹೇಳಿ ಹನ್ನೊಂದು ಗೊಂಬೆಗಳ ಒಂದು ಸಾಲು ಮಾಡಿಸಿದೆ. ಗಾಣಿಗ, ಬಳೆಗಾರ, ಬೀಸುವ ಹೆಂಗಸು, ಹೀಗೆ ಒಂದು ಓಣಿಯ ಮಂದಿ. ಪ್ರತಿಯೊಂದೂ ಒಂದು ಗೇಣು ಎತ್ತರ. ದಸರೆ ಕಳೆದ ಮೇಲೆ ತರಲು ಹೋದಾಗ ಸತ್ಯಪ್ಪನು ಪಲ್ಲಕ್ಕಿಗೆ ಬಣ್ಣ ಹಾಕಲು ಯಮಕನಮರಡಿಗೆ ಹೋಗಿದ್ದನು. ಯಮನವ್ವ ಹಲಗೆಯ ಮೇಲಿನ ಗೊಂಬೆಗಳನ್ನು ಇಳಿಸಿ ಕೊಟ್ಟಳು. ಹಲಗೆಯ ಕೊನೆಗೆ ಹನ್ನೆರಡನೆಯದೊಂದು ನಿಂತಿತ್ತು. ತಲೆಯ ಮೇಲೆ ಕೊಡ ಹೊತ್ತು, ಬಲಗೈ ಎತ್ತಿ ಅದನ್ನು ಹಿಡಿದ ಸಣ್ಣ ಹುಡುಗಿ. ಮುಖ ಅವರು ಮಾಡುವ ಬೇರೆ ಹುಡುಗಿಯರ ಗೊಂಬೆಗಳ ಮುಖದಂತೆಯೇ ಇತ್ತು. ಅದು ನಾನು ಹೇಳಿ ಮಾಡಿಸಿದ್ದಲ್ಲ. ಓಣಿಗೆ ನೀರು ತರುವವರೂ ಬೇಕಲ್ಲ ಎಂದು ನಾನೇ ಕೇಳಿ ತೆಗೆದುಕೊಂಡೆ. ಯಮನವ್ವ ಸಂತೋಷದಿಂದಲೇ ಕೊಟ್ಟಳು.

ಅಂದಿನಿಂದ ಪ್ರತಿ ವರ್ಷ ದಸರೆಯ ನಂತರ ಸತ್ಯಪ್ಪನು ಹುಕ್ಕೇರಿಗೆ ನನ್ನ ಮನೆಗೆ ಬರುತ್ತಿದ್ದನು. ಗೊಂಬೆಗಳಿಗೆ ಹುಳ ಹತ್ತಿದೆಯೋ ನೋಡುವುದಾಗಿ ಹೇಳಿ, ಕಪಾಟು ತೆಗೆಸಿ, ಒಂದೊಂದನ್ನೇ ಒರೆಸುತ್ತಿದ್ದನು. ಕೊಡ ಹೊತ್ತ ಹುಡುಗಿಯನ್ನು ಯಾವಾಗಲೂ ಕೊನೆಗೆ ಎತ್ತಿಕೊಳ್ಳುತ್ತಿದ್ದನು. ಅದರ ಬಲಭುಜವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ ಒಳಗಿಡುತ್ತಿದ್ದನು. ಕೂಲಿ ಮುಟ್ಟುತ್ತಿರಲಿಲ್ಲ. ಚಹಾ ಕುಡಿದು ಹೋಗುತ್ತಿದ್ದನು. ನನ್ನ ಹೆಂಡತಿ ಶಿವಗಂಗವ್ವ, “ಬಂದ ನೋಡ್ರಿ, ಮಗಳ ಮನಿಗಿ ಬಂದಂಗ ಬರತಾನ” ಎಂದು ನಗುತ್ತಿದ್ದಳು. ಕೆಲಸಗಾರನಿಗೆ ತನ್ನ ಕೆಲಸದ ಮೇಲಿನ ಅಭಿಮಾನವೆಂದು ನಾನು ತಿಳಿದಿದ್ದೆ.

ಈ ವರ್ಷ ಜನವರಿಯಲ್ಲಿ ಹನ್ನೆರಡೂ ಗೊಂಬೆಗಳನ್ನು ಪುಣೆಯ ಒಂದು ಪ್ರದರ್ಶನಕ್ಕೆ ಪೆಟ್ಟಿಗೆಯಲ್ಲಿ ಕಳಿಸಿದೆ. ಫೆಬ್ರುವರಿ 24ರಂದು ಪೆಟ್ಟಿಗೆ ಗೋಕಾಕ ರೋಡ ಸ್ಟೇಷನ್ನಿಗೆ ತಿರುಗಿ ಬಂತು. ಒಂದು ಮೂಲೆ ಒಡೆದಿತ್ತು, ಒಳಗಿನ ಹುಲ್ಲು ಹಸಿಯಾಗಿತ್ತು. ಏಳು ಗೊಂಬೆಗಳು ಮುರಿದಿದ್ದವು. ಹುಡುಗಿಯ ಬಲಗೈ ಭುಜದ ಹತ್ತಿರ ಮುರಿದು ಕೊಡದೊಂದಿಗೆ ಬೇರೆಯಾಗಿ ಬಿದ್ದಿತ್ತು.

ಅಲ್ಲಿಂದ ಟಾಂಗಾ ಮಾಡಿಕೊಂಡು ನೇರವಾಗಿ ಸತ್ಯಪ್ಪನ ಮನೆಗೆ ಹೋದೆ. ಅವನು ಕಲ್ಲೋಳಿಗೆ ತಂಗಿಯ ಮನೆಗೆ ಹೋಗಿದ್ದನು. ಯಮನವ್ವ ಪೆಟ್ಟಿಗೆ ತೆಗೆದು ನೋಡಿ, “ಏನ್ರಿ ಸಾವಕಾರ್ರ, ಎಲ್ಲಾರೂ ಕೈಕಾಲು ಮುರಕೊಂಡು ಬಂದಾರಲ್ಲ. ಪುಣೇದಾಗ ಕುಸ್ತಿ ಹಿಡದಿದ್ರೇನು?” ಎಂದಳು. ಮುರಿದುದನ್ನು ಕೂಡಿಸುವ ಕೆಲಸ ಆ ಮನೆಯಲ್ಲಿ ಆಕೆಯದು. ಯುಗಾದಿಯೊಳಗೆ ಮಾಡಿ ಕೊಡುವುದಾಗಿ ಹೇಳಿದಳು.

ನಿನ್ನೆ ಮಧ್ಯಾಹ್ನ ತರಲು ಹೋದೆ. ಹನ್ನೊಂದು ಗೊಂಬೆಗಳು ಚೊಕ್ಕಟವಾಗಿ ತಯಾರಾಗಿದ್ದವು. ಮುರಿದ ಗುರುತು ಸಿಗಲಿಲ್ಲ. ಹುಡುಗಿ ಇರಲಿಲ್ಲ. ಕೇಳಿದ್ದಕ್ಕೆ ಯಮನವ್ವ, “ಅದೊಂದು ಕೊಡೂದಿಲ್ಲರಿ. ಅದರ ಬದಲಿ ಎರಡು ಮಾಡಿ ಕೊಡತೇವಿ” ಎಂದಳು. ಕಾರಣ ಹೇಳಲಿಲ್ಲ. ಸತ್ಯಪ್ಪನು ಗೋಡೆಗೆ ಮುಖ ಮಾಡಿ ಕುಳಿತಿದ್ದನು, ತಿರುಗಿ ನೋಡಲಿಲ್ಲ. ಬೇರೆಯವರಿಗೆ ಮಾರಿದ್ದಾರೆಂದು ನನಗೆ ಸಂಶಯ ಬಂತು. ಠಾಣೆಗೆ ಹೋಗುತ್ತೇನೆಂದೆ. “ಹೋಗ್ರಿ. ನಾನೂ ಬಂದು ಹೇಳತೇನಿ” ಎಂದಳು. ಸಿಟ್ಟಿನಲ್ಲಿ ಬಂದು ಫಿರ್ಯಾದು ಬರೆಸಿದೆ.

ಇಂದು ಬೆಳಿಗ್ಗೆ ಎಂಟರ ಸುಮಾರಿಗೆ ಹವಾಲ್ದಾರ ಪರಪ್ಪ ಇವರ ಸಂಗಡ ಆ ಮನೆಗೆ ಹೋದೆ. ಹವಾಲ್ದಾರರು, “ಏ ಆಯಿ, ಗೊಂಬಿ ಆಡೂ ವಯಸ್ಸೇನ ನಿಂದು? ಕೊಟ್ಟ ಬಿಡ” ಎಂದರು. ಯಮನವ್ವ ಒಳಗಿನಿಂದ ಗೊಂಬೆಯನ್ನು ಸೆರಗಿನಲ್ಲಿ ಸುತ್ತಿ ತಂದಳು. ಕೈ ಇನ್ನೂ ಕೂಡಿಸಿರಲಿಲ್ಲ.

ಈ ಗೊಂಬೆಗಳ ಕೈಗಳನ್ನು ಬೇರೆಯಾಗಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸಂದಿನಲ್ಲಿ ಹಳೆಯ ಅರಿವೆ ತುಂಬಿ, ಮೇಲೆ ಬಿಳಿ ಮಣ್ಣು ಬಳಿದು ಬಣ್ಣ ಹಾಕುತ್ತಾರೆ. ಹುಡುಗಿಯ ಭುಜದ ತೂತಿನಿಂದ ಅಂಥ ಅರಿವೆಯ ಅಂಚು ಹೊರಗೆ ಬಂದಿತ್ತು. ಇದು ತನ್ನ ಮಗಳು ರಾಯವ್ವ ತೊಡುತ್ತಿದ್ದ ಪೋಲಕದ ತುಂಡು ಎಂದು ಯಮನವ್ವ ಹೇಳಿದಳು. ಗುರುತು ಹೇಗೆ ಎಂದು ಹವಾಲ್ದಾರರು ಕೇಳಿದರು. ಮಗಳು ಬೆಳೆಯುತ್ತಿದ್ದಳೆಂದು ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದಾಗಿಯೂ, ಮನೆಯಲ್ಲಿ ಆ ದಿವಸ ಹಸಿರು ದಾರ ಮಾತ್ರ ಇದ್ದುದಾಗಿಯೂ ಹೇಳಿದಳು. ನಾನು ಅರಿವೆ ವ್ಯಾಪಾರಿ. ಹತ್ತಿರ ಹಿಡಿದು ನೋಡಿದೆ. ಅದು ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣ, ಬದನೆ ಬಣ್ಣ. ಬೆಳಕು ತಾಗದ್ದರಿಂದ ಬಣ್ಣ ಹೊಸದರಂತಿತ್ತು. ಹೊಲಿಗೆ ಹಸಿರು ದಾರದ್ದು. ಹವಾಲ್ದಾರರು ತಮ್ಮ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಆಗ ಸತ್ಯಪ್ಪನು ಮೊದಲ ಸಲ ಮಾತನಾಡಿದನು. 1911ರ ಪ್ಲೇಗಿನಲ್ಲಿ, ಊರ ಹೊರಗಿನ ಗುಡಿಸಲಿನಲ್ಲಿ, ಏಳು ವರ್ಷದ ರಾಯವ್ವ ತೀರಿಕೊಂಡಳೆಂದೂ, ಅವಳ ಅರಿವೆಗಳನ್ನೆಲ್ಲ ರಾಶಿ ಹಾಕಿ ಸುಟ್ಟರೆಂದೂ, ತಾನು ಒಂದು ತುಂಡು ಹರಿದು ಬಚ್ಚಿಟ್ಟೆನೆಂದೂ ಹೇಳಿದನು. ಮುಂದೆ ಗಂಡ ಹೆಂಡಿರ ನಡುವೆ ನಡೆದ ಮಾತು ಹೀಗಿದೆ, ಮೊದಲು ಆಡಿದವಳು ಯಮನವ್ವ.

“ಎಲ್ಲಾ ಸುಟ್ಟರು ಅಂದ್ರಿ.”

“ಎಲ್ಲಾ ಸುಟ್ಟರು. ಇಷ್ಟ ಉಳಿಸಿದೆ.”

“ಉಳಿಸಿ ಗೊಂಬಿಗಿ ತುಂಬಿದ್ರಿ.”

“ಮತ್ತೆಲ್ಲಿ ಇಡಲಿ? ನಿನ್ನ ಕೈಯಾಗ ಕೊಟ್ಟಿದ್ರ ಮೂಗಿಗಿ ಹಿಡಕೊಂಡು ಕುಂಡರತಿದ್ದಿ. ಬ್ಯಾನಿ ನಿನಗೂ ಹತ್ತತಿತ್ತು.”

“ಹತ್ತಿದ್ರ ಹತ್ತತಿತ್ತು.”

ಗೊಂಬೆಯನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ತನ್ನ ಮನಸ್ಸಿನಲ್ಲಿತ್ತೆಂದು ಸತ್ಯಪ್ಪನು ಹೇಳಿದನು. ಯಮಕನಮರಡಿಯಿಂದ ಬರುವಷ್ಟರಲ್ಲಿ ಹಲಗೆ ಖಾಲಿಯಾಗಿತ್ತು. ತಿರುಗಿ ಕೇಳಿದರೆ ಕಾರಣ ಹೇಳಬೇಕಾಗುತ್ತಿತ್ತು.

ಅವನ ಪರವಾಗಿ ಒಂದು ಮಾತು ಆಡಿದಂತಾಗುತ್ತದೆಂದು ನಾನು, ಸತ್ಯಪ್ಪನು ಪ್ರತಿ ವರ್ಷ ನನ್ನ ಮನೆಗೆ ಬಂದು ಆ ಗೊಂಬೆಯನ್ನು ನೋಡಿ ಹೋಗುತ್ತಿದ್ದ ಸಂಗತಿಯನ್ನು ಹೇಳಿದೆ. ಯಮನವ್ವನಿಗೆ ಅದು ಗೊತ್ತಿರಲಿಲ್ಲ. ಬಣ್ಣ ತರಲು ಹುಕ್ಕೇರಿಗೆ ಹೋಗುತ್ತೇನೆಂದು ಅವನು ಹೇಳುತ್ತಿದ್ದನಂತೆ. ಆಕೆ, “ಒಂದ ಸಲ ನನ್ನೂ ಕರಕೊಂಡು ಹೋಗಿದ್ರ ಆಗತಿತ್ತಲ್ರಿ. ಯಾಕಂತ ಹೇಳದಿದ್ರೂ ನಡೀತಿತ್ತು. ಬಾಜೂಕ ನಿಂತಿರತಿದ್ದೆ” ಎಂದಳು. ನಾನು ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತೋ ಏನೋ ತಿಳಿಯದು.

ಅರಿವೆ ಆಕೆಗೂ ಗೊಂಬೆ ನನಗೂ ಇರಲೆಂದು ಹವಾಲ್ದಾರರು ಸೂಚಿಸಿದರು. ನಾನು ಒಪ್ಪಿದೆ. ಅದು ಆಗುವ ಮಾತಲ್ಲವೆಂದು ಸತ್ಯಪ್ಪನು ಹೇಳಿದನು. ಎರಡು ಬೆರಳಿನಷ್ಟು ಅರಿವೆ ಒಳಗಿದೆ, ಅಂಟಿನಲ್ಲಿ ಕೂಡಿಹೋಗಿದೆ, ಎಳೆದರೆ ನೂಲಾಗಿ ಬರುತ್ತದೆ. ಯಮನವ್ವ ಸೆರಗಿನ ಗಂಟು ಬಿಚ್ಚಿ ಬದನೆ ಬಣ್ಣದ ಒಂದು ಎಳೆ ತೋರಿಸಿದಳು. ಮೊದಲ ದಿನವೇ ಎಳೆದು ನೋಡಿದ್ದಳು. ಆಮೇಲೆ ಮುಟ್ಟಿರಲಿಲ್ಲ.

ಕೈ ಕೂಡಿಸಿ ಭುಜ ಮುಚ್ಚಿಬಿಟ್ಟರೆ ಅರಿವೆ ಕೆಡದೆ ಇರುತ್ತದೆ, ಅದನ್ನು ತಾನೇ ಮಾಡಿಕೊಡುತ್ತೇನೆ ಎಂದು ಸತ್ಯಪ್ಪನು ಹೇಳಿದನು. ಯಮನವ್ವ, “ಮತ್ತ ಮುಚ್ಚತೀರೇನು?” ಎಂದಳು. ಅಷ್ಟಕ್ಕೆ ಆ ಮಾತು ನಿಂತಿತು.

ನಂತರ ನಾವೆಲ್ಲರೂ ಠಾಣೆಗೆ ಬಂದೆವು. ನಾನು ಹೇಳಿ ಮಾಡಿಸಿದ ಹನ್ನೊಂದು ಗೊಂಬೆಗಳು ನನಗೆ ಸುಸ್ಥಿತಿಯಲ್ಲಿ ಮುಟ್ಟಿವೆ. ಹನ್ನೆರಡನೆಯದು ಹದಿನೆಂಟು ವರ್ಷ ನನ್ನ ಕಪಾಟಿನಲ್ಲಿತ್ತು. ನಿನ್ನೆಯ ಫಿರ್ಯಾದಿನಲ್ಲಿ ಅದನ್ನು ‘ನನ್ನ ಗೊಂಬೆ’ ಎಂದು ಬರೆಸಿದ್ದೇನೆ. ಆ ಮಾತನ್ನು ಹೊಡೆದು ಹಾಕಬೇಕು. ಇವರಿಬ್ಬರ ಮೇಲೆ ನನ್ನದೇನೂ ತಕರಾರಿಲ್ಲ.

ಯಮನವ್ವ ತನ್ನ ಹೇಳಿಕೆಗೆ ಹೆಬ್ಬೆಟ್ಟು ಒತ್ತುವಾಗ ಕೈ ಖಾಲಿ ಮಾಡಬೇಕಾಯಿತು. ಸತ್ಯಪ್ಪನು ಎರಡೂ ಕೈ ಮುಂದೆ ಮಾಡಿದನು. ಆಕೆ ಗೊಂಬೆಯನ್ನು ನನ್ನ ಕೈಯಲ್ಲಿ ಕೊಟ್ಟಳು. ಇಲ್ಲಿಯವರೆಗೆ ನಾನು ಅದನ್ನು ಹಿಡಿದುಕೊಂಡೇ ಹೇಳಿದ್ದೇನೆ. ಈಗ ಸಹಿ ಮಾಡುವ ಸಲುವಾಗಿ ಸತ್ಯಪ್ಪನ ಕೈಗೆ ಕೊಡುತ್ತಿದ್ದೇನೆ. ಆಕೆ ನೋಡುತ್ತಿದ್ದಾಳೆ. ಬೇಡವೆನ್ನಲಿಲ್ಲ.

ಮೇಲೆ ಬರೆಸಿದ್ದನ್ನು ನನಗೆ ಓದಿ ತೋರಿಸಿದ್ದಾರೆ. ಅದು ನಾನು ಕಂಡು ಕೇಳಿದಂತೆ ಸರಿಯಾಗಿದೆ, ನಿಜವಾಗಿದೆ.

ಸ್ಥಳ: ಗೋಕಾಕ
ತಾರೀಖು: 13-3-1931
ಸಹಿ: ಕೇದಾರಿ ದುಂಡಪ್ಪ ಬಾಗಿ