ಎಡಗಡೆ ಸಾಮಾನು

...ಬೇಡ, ಅದನ್ನ ಎಳೀಬೇಡ ಮಗಳೇ. ಟ್ಯಾಂಕ್ ಮೇಲಿನ ಆ ಚರ್ಮದ ಹೊದಿಕೆ ಒಂದ್ಸಲ ಕಟ್ಟಿದ್ಮೇಲೆ ಒಂದು ವಾರ ಮುಟ್ಟಬಾರದಂತೆ. ಅಂಗಡಿಯವನೇ ಹೇಳಿದ. ಚರ್ಮ ಟ್ಯಾಂಕಿಗೆ ಒಗ್ಗಿಕೊಳ್ಳಬೇಕಂತೆ. ಹೊಸ ಬೀಗರಿದ್ದ ಹಾಗೆ, ಮೊದಲ ವಾರ ಕೆದಕಬಾರದು.

ಕೂತ್ಕೋ. ಇಲ್ಲೇ ನನ್ನ ಎಡಗಡೆ ಬಣ್ಣದ ಡಬ್ಬ ಬೋರಲು ಹಾಕಿದೀನಿ ನೋಡು, ಅದರ ಮೇಲೆ ಕೂತ್ಕೋ. ಹೆಗಲಿನ ಬ್ಯಾಗಾದ್ರೂ ಇಳಿಸು. ಹತ್ತು ದಿನ ಬಿಸಿಲಲ್ಲಿ ಯಾರ್ಯಾರದೋ ಜಮೀನು ಅಳೆದು ಬಂದಿದೀಯ, ಒಳಗೆ ಹೋಗಿ ಮುಖ ತೊಳೀತೀಯ, ನಿಮ್ಮಮ್ಮನ ಕೈಲಿ ಟೀ ಕುಡೀತೀಯ ಅಂದ್ಕೊಂಡ್ರೆ ಸೀದಾ ಶೆಡ್ಡಿಗೆ ಬಂದು ನಿಂತಿದೀಯ. ಒಂದು ಮಾತಿಲ್ಲ, ಕತೆಯಿಲ್ಲ. ಆಫೀಸಿನವರು ಬಾಯಿಗೂ ಬೀಗ ಹಾಕಿ ಕಳ್ಸಿದಾರಾ?

ಏನು ಹಾಗೆ ನೋಡ್ತೀಯ? ನಿನ್ನ ಬೈಕೇ. ಬೇಕಾದ್ರೆ ನಂಬರ್ ಪ್ಲೇಟ್ ನೋಡ್ಕೋ. ಸ್ವಲ್ಪ... ಮೈ ಕೈ ತುಂಬ್ಕೊಂಡಿದೆ ಅಷ್ಟೆ.

ಕೇಳು. ಈ ಕ್ರೂಸರ್ ಅಂತ ತಗೊಂಡ್ಯಲ್ಲ, ಒಳ್ಳೇ ಗಾಡೀನೇ. ಇಲ್ಲ ಅನ್ನಲ್ಲ. ಉದ್ದ ಹ್ಯಾಂಡಲ್, ತಗ್ಗು ಸೀಟು, ಆರಾಮ ಕುರ್ಚೀಲಿ ಕಾಲು ಚಾಚ್ಕೊಂಡ ಹಾಗೆ ಹೋಗ್ತಾ ಇರಬಹುದು. ಆದ್ರೆ ಷೋರೂಮಿಂದ ಬಂದಾಗ ಅದರ ಮೈಮೇಲೆ ಏನಿತ್ತು ಹೇಳು? ಬೋಳು ಬೋಳು. ಮೂವತ್ತೊಂದು ವರ್ಷ ಬಸ್ ಓಡಿಸಿದೋನು ನಾನು. ಬಸ್ಸಿಗೆ ಮುಂದೊಂದು ಬಂಪರ್, ಹಿಂದೊಂದು ಬಂಪರ್, ಬೈಸ್ಕೊಳ್ಳೋಕೆ ಕಂಡಕ್ಟರ್. ನಿನ್ನ ಗಾಡಿಗೆ ಏನಿತ್ತು? ಅದಕ್ಕೇ, ಮಗಳು ಬರೋದ್ರೊಳಗೆ ನಾಲ್ಕು ಸಾಮಾನು ಹಾಕಿ ಆಶ್ಚರ್ಯ ಮಾಡೋಣ ಅಂತ.

ಆಶ್ಚರ್ಯ ಆಗಿದೆ. ಮುಖ ನೋಡಿದ್ರೆ ಗೊತ್ತಾಗುತ್ತೆ.

ಆ ಅಂಗಡಿಯವನೊಬ್ಬ ವಿಚಿತ್ರ ಪ್ರಾಣಿ ಕಣೇ. ಮುಂದೆ ಬೋಳು, ಹಿಂದೆ ಜುಟ್ಟು, ಕುತ್ತಿಗೆ ತನಕ ಹಚ್ಚೆ. ‘ಯಾರಿಗೆ ಅಂಕಲ್?’ ಅಂದ. ಮಗಳಿಗೆ ಅಂದೆ. ಅಂದಿದ್ದೇ ತಡ, ಗುಲಾಬಿ ಬಣ್ಣದ ಹ್ಯಾಂಡಲ್ ಗ್ರಿಪ್ ತೆಗೆದು ಮುಂದಿಟ್ಟ. ‘ನೋಡಪ್ಪ, ಅವಳು ಸರ್ವೇಯರು. ಅವಳು ಗೂಟ ನೆಟ್ಟ ಕಡೆ ದೊಡ್ಡ ದೊಡ್ಡ ಸಾಹುಕಾರ್ರೇ ಬೇಲಿ ಕಿತ್ಕೊಂಡು ಹಿಂದೆ ಸರೀತಾರೆ’ ಅಂದೆ. ಗುಲಾಬಿ ಒಳಗಿಟ್ಟು ತಲೆಬುರುಡೆ ತೆಗೆದ. ನಿಜವಾಗ್ಲೂ. ಟೈರಿಗೆ ಗಾಳಿ ತುಂಬೋ ಬಾಯಿ ಇರುತ್ತಲ್ಲ, ಅದಕ್ಕೆ ಮುಚ್ಚಳ. ಪುಟಾಣಿ ತಲೆಬುರುಡೆ, ಕಣ್ಣಲ್ಲಿ ಕೆಂಪು ಕಲ್ಲು. ಇದನ್ನ ಹಾಕ್ಕೊಂಡು ಅವಳು ಸೈಟಿಗೆ ಹೋಗ್ಬೇಕಾ, ಸ್ಮಶಾನಕ್ಕಾ ಅಂತ ಕೇಳ್ದೆ. ಅವನು ನಗಲಿಲ್ಲ. ಜುಟ್ಟಿನವರು ನಗಲ್ಲ, ಜುಟ್ಟು ಎಳೆಯುತ್ತೋ ಏನೋ.

ಗಾಳಿ ತಡೆಯೋ ಗಾಜನ್ನೂ ತೋರಿಸಿದ. ನನ್ನ ಎದೆಮಟ್ಟ. ಹಿಂದೆ ಕೂತು ನೋಡ್ದೆ. ಬ್ಯಾಂಕ್ ಕೌಂಟರಲ್ಲಿ ಕೂತ ಹಾಗಾಯ್ತು. ಎದುರಿಗೆ ಬಂದೋರೆಲ್ಲ ಚೆಕ್ ಕೊಡೋಕೆ ಬರ್ತಿದಾರೇನೋ ಅನ್ಸೋದು. ಬೇಡ ಅಂದೆ.

ಹಾಗಾಗಿ ಅತಿರೇಕಕ್ಕೆ ಹೋಗಲಿಲ್ಲ. ಬರೀ ಬೇಕಾದ್ದು. ಬಿದ್ರೆ ಕಾಲು ಉಳಿಯೋಕೆ ಈ ಕ್ರ್ಯಾಶ್ ಗಾರ್ಡ್. ಕಾಲಿಡೋಕೆ ಈ ಅಗಲದ ಹಲಗೆ. ಪಕ್ಕಕ್ಕೆ ಚರ್ಮದ ಚೀಲ, ನಿನ್ನ ನಕ್ಷೆ ಗಿಕ್ಷೆ ಇಟ್ಕೊಳ್ಳೋಕೆ. ಕ್ಲಚ್ಚಿಗೆ ಹೊಸ ಲಿವರ್. ಹೊಸ ಇಂಡಿಕೇಟರ್. ಹೊಸ ಕನ್ನಡಿ. ಮೂಗಿಗಿಂತ ಮೂಗುತಿ ಭಾರ ಅಂತೀಯಾ? ಅನ್ನು. ಏನಾದ್ರೂ ಅನ್ನು.

ಎಲ್ಲಾ ನಾನೇ ಹಾಕಿದ್ದು. ಮೆಕ್ಯಾನಿಕ್ಕಿಗೆ ಮುಟ್ಟೋಕೂ ಬಿಡಲಿಲ್ಲ. ಈ ಗಾರ್ಡ್ ಪೆಟ್ಟಿಗೇಲಿ ಒಂದು ಕಾಗದ ಇತ್ತು. ಅದರಲ್ಲಿ ಒಂದಕ್ಷರ ಇಲ್ಲ, ಬರೀ ಬಾಣ. ಬಾಣ ತೋರಿಸಿದ ಕಡೆಯೆಲ್ಲ ಬೋಲ್ಟು ತೂರಿಸ್ತಾ ಹೋದೆ. ಎಲ್ಲಾ ಬಿಗಿ ಮಾಡಿ ಎದ್ದು ನೋಡ್ತೀನಿ, ನೆಲದ ಮೇಲೆ ಮೂರು ವಾಷರ್ ಉಳಿದಿದೆ. ಆಪರೇಷನ್ ಮುಗಿಸಿ ಹೊಲಿಗೆ ಹಾಕಿದ್ಮೇಲೆ ಡಾಕ್ಟ್ರಿಗೆ ಮೇಜಿನ ಮೇಲೆ ಏನೋ ಉಳಿದದ್ದು ಕಂಡ ಹಾಗೆ. ಮತ್ತೆ ಎಲ್ಲಾ ಬಿಚ್ಚಿದೆ. ಇವತ್ತು ಬೆಳಿಗ್ಗೆಯಿಂದ ಕೂತಿದೀನಿ, ಇನ್ನು ಕೆಳಗಿನದೊಂದು ಬೋಲ್ಟು ಬಾಕಿ.

ಅದೇನು, ಟೇಪ್ ಯಾಕೆ ತೆಗೆದೆ? ಭಾನುವಾರ ಕಣೇ, ಇವತ್ತೂ ಅಳೆಯೋದಾ? ಹ್ಯಾಂಡಲ್ ಅಳೆಯೋಕೆ ಅದೇನು ಜಮೀನಾ? ...ಸರಿ, ಅಳಿ. ಬಲಗಡೆ ಅಳೆದ್ಯಾ. ಈಗ ಎಡಗಡೆ.

ಹೇಳಬೇಡ, ಗೊತ್ತು. ಒಂದಿಷ್ಟು ಹಿಂದಿದೆ. ಷೋರೂಮಿಂದಲೇ ಹಾಗೇ ಬಂದಿದ್ದಿರಬಹುದು. ಮನುಷ್ಯರ ಕೈಯೇ ಎರಡೂ ಒಂದೇ ಸಮ ಇರಲ್ಲ.

ಕನ್ನಡಿ ಯಾಕೆ ಎಡಗಡೆದು ಮಾತ್ರ ಹೊಸದು ಅಂತಾನಾ ಬೆರಳು ತೋರಿಸ್ತಿರೋದು? ಬಲಗಡೆದು ಗಟ್ಟಿ ಇತ್ತು. ಇಂಡಿಕೇಟರೂ ಹಾಗೇ. ಲಿವರ್... ಕ್ಲಚ್ಚು ಯಾವತ್ತೂ ಎಡಗಡೇನೇ ತಾನೆ ಇರೋದು? ಅದಕ್ಕೂ ನಾನೇ ಹೊಣೆಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ ನೀನು ನೋಡ್ತೀಯ, ನಾನು ಸುಮ್ಮಸುಮ್ನೆ ಹೆಗಲು...

ಹೊದಿಕೆ ಬಿಚ್ಚಬೇಡ ಅಂದೆನಲ್ಲ.

ಬಿಚ್ಚಿದ್ಯಾ.

ಹೂಂ. ನೆಗ್ಗಿದೆ. ಒಂದು ಅಂಗೈಯಷ್ಟು. ಬಣ್ಣಾನೂ ಹೋಗಿದೆ. ಅಳೀಬೇಡ ಅದನ್ನ, ಕೈ ಮುಗೀತೀನಿ.

ಸರಿ, ಹೇಳ್ತೀನಿ. ಬುಧವಾರ ಗಾಡೀನ ಒರೆಸೋಕೆ ಅಂತ ಶೆಡ್ಡಿಂದ ಹೊರಗೆ ತಂದೆ. ತಳ್ಕೊಂಡು. ಅಂಗಳದಲ್ಲಿ ಸ್ಟ್ಯಾಂಡ್ ಜಾರ್ತು, ಬಿತ್ತು. ಅಷ್ಟೆ.

...ಸ್ಟ್ಯಾಂಡ್ ಮುಟ್ಟಿ ನೋಡ್ಬೇಡ. ಸ್ಟ್ಯಾಂಡ್ ಸರಿಯಾಗೇ ಇದೆ. ಸುಳ್ಳು ಹೇಳ್ದೆ. ಓಡಿಸ್ದೆ. ಪೆಟ್ರೋಲ್ ಬಂಕ್ ತನಕ. ನಿಂಗೆ ಟ್ಯಾಂಕ್ ತುಂಬಿಸಿ ಇಡೋಣ ಅಂತ... ಒಳ್ಳೇ ಮನಸಿಂದಾನೇ ಹೋದದ್ದು. ಬಂಕಿಗೆ ಎಡಕ್ಕೆ ತಿರುಗಬೇಕಲ್ಲ, ಅಲ್ಲೊಂದು ಸಿಮೆಂಟ್ ಕಂಬ. ಬಡ್ಡಿಮಗಂದು ಕಂಬ, ಎಲ್ಲಿಂದ ಬಂತೋ. ರಾತ್ರೋರಾತ್ರಿ ನೆಟ್ಟಿದಾರೆ ಅನ್ಸುತ್ತೆ.

ಹಳೇ ಕಂಬಾನೇ? ನೀನು ನೋಡಿದೀಯಾ? ತಲೆ ಅಲ್ಲಾಡಿಸಬೇಡ, ಹೂಂ, ಹಳೇದೇ. ನಿಂಗಿಂತ ಹಳೇದು. ಆ ಕಂಬದ ಪಕ್ಕದಲ್ಲೇ ವರ್ಷಗಟ್ಟಲೆ ಬಸ್ ತಿರುಗಿಸಿದೀನಿ.

ಪೆಟ್ಟೇನೂ ಆಗಲಿಲ್ಲ ನಂಗೆ, ಕೇಳ್ತೀಯೇನೋ ಅಂತ ಹೇಳ್ದೆ. ಮೊಣಕೈ ಒಂಚೂರು ತರಚಿದೆ. ಪಾಪ, ಬಂಕಿನ ಹುಡುಗಿ ಬಂದು ಎತ್ತಿದಳು. ಮೊದಲು ಬೈಕ್ ಎತ್ತಿದಳು, ಆಮೇಲೆ ನನ್ನ. ಸೀದಾ ಜುಟ್ಟಿನವನ ಅಂಗಡಿಗೆ ಹೋದೆ. ಎಲ್ಲೆಲ್ಲಿ ಮುರಿದಿದೆಯೋ ಅಲ್ಲಲ್ಲಿಗೆ ಒಂದೊಂದು ಸಾಮಾನು ಕೊಡು ಅಂದೆ. ಆಗ ನಕ್ಕ ನೋಡು ಅವನು. ಜುಟ್ಟು ಬಿಚ್ಚಿಹೋಗೋ ಹಾಗೆ ನಕ್ಕ.

ನೀನು ನಗಲ್ಲ ಅಲ್ವಾ.

ಬೈದುಬಿಡು. ನಿನ್ನ ಗಾಡಿ, ನೀನು ದುಡಿದು ತಗೊಂಡಿದ್ದು, ಕೇಳದೆ ಮುಟ್ಟಿದ್ದು ತಪ್ಪೇ. ಬೈದು ಮುಗಿಸು, ಒಳಗೆ ಹೋಗೋಣ. ಈ ಬೋಲ್ಟೊಂದು ಬಿಗಿ ಮಾಡಿಬಿಡ್ತೀನಿ. ಆ ಹದಿನಾಲ್ಕನೇ ನಂಬರ್ ಸ್ಪ್ಯಾನರ್ ಕೊಡು, ನಿನ್ನ ಕಾಲ ಹತ್ರಾನೇ ಇರಬೇಕು.

ಕೊಡಮ್ಮ. ಕೈ ಬಿಟ್ರೆ ಗಾರ್ಡ್ ಜಾರುತ್ತೆ.

ಕೋಪ ಇದ್ರೆ ನನ್ನ ಮೇಲಿರಲಿ, ಸ್ಪ್ಯಾನರ್ ಮೇಲೆ ಯಾಕೆ? ಅಪ್ಪ ನೆಲದ ಮೇಲೆ ಕೂತು ಗೋಗರೀತಾ ಇದಾನೆ, ಮಗಳು ಮಹಾರಾಣಿ ಥರ ಡಬ್ಬದ ಮೇಲೆ... ಇಷ್ಟೊಂದು ಹಟ ಒಳ್ಳೇದಲ್ಲ ಕಣೇ. ನಿಮ್ಮಮ್ಮನ ಕಡೆಯವರ ಹಟ ಇದು. ಕೊಡಲ್ವಾ? ಬಿಡು, ನಾನೇ ಎದ್ದು...

ಓ.

ಹಿಡ್ಕೊಂಡೇ ಇದೀಯ.

ಎಷ್ಟೊತ್ತಿಂದ? ನಾನು ಕೇಳಿದಾಗಿಂದಾನಾ? ಇಲ್ಲೇ, ನನ್ನ ಕಿವಿ ಪಕ್ಕದಲ್ಲೇ?

...ಕೆಲಸದ ಮೇಲೆ ಗಮನ ಇತ್ತು. ಅದಕ್ಕೇ. ನೀನು ಕೊಟ್ಟಿದ್ದು ಗೊತ್ತಾಗಲಿಲ್ಲ ಅಷ್ಟೆ.

ಒಂದು ಮಾತಾಡಬಾರದಿತ್ತಾ? ‘ತಗೋಪ್ಪ’ ಅಂದಿದ್ರೆ ಸದ್ದು ಬಂದ ಕಡೆ ತಿರುಗ್ತಿದ್ದೆ. ಎಲ್ಲರ ಹತ್ರಾನೂ ಹಾಗೇ ನಡೀತಿದೆ. ಜನ ಮಾತಾಡ್ತಾನೇ ಇರ್ತಾರೆ, ನಂಗೆ ಕಷ್ಟ ಆಗಲ್ಲ. ನೀನೊಬ್ಬಳು ಬಂದಾಗಿಂದ ತುಟಿ ಬಿಚ್ಚದೆ...

ಈಗ ಕೈ ಅಲ್ಲಾಡಿಸ್ತಿದೀಯ ಅಲ್ವಾ? ನೆಲದ ಮೇಲೆ ನೆರಳು ಆಡ್ತಿದೆ, ಅದಕ್ಕೆ ಹೇಳ್ದೆ. ಸಾಕು, ಕೆಳಗಿಳಿಸು. ಎಡಗಣ್ಣಿಗೆ ಕೈ ಕಾಣಲ್ಲ. ಬೆಳಕು ಕಾಣುತ್ತೆ, ಮಂಜು ಮಂಜಾಗಿ. ಪಕ್ಕದ್ದು ಏನೂ ಕಾಣಲ್ಲ.

ನಾಲ್ಕು ತಿಂಗಳಾಯ್ತು. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗಿದೆಯಂತೆ. ಹೋದದ್ದು ವಾಪಸ್ ಬರಲ್ಲವಂತೆ. ಬಲಗಣ್ಣು ಚೆನ್ನಾಗಿದೆ, ಹನಿ ಹಾಕ್ತಾ ಇದ್ರೆ ಉಳಿಯುತ್ತಂತೆ. ಹಾಕ್ತಿದೀನಿ, ದಿನಾ. ನಿಮ್ಮಮ್ಮಂಗೆ ಮೂಗಿನ ಹನಿ ಅಂತ ಹೇಳಿದೀನಿ. ಒಂದಿನ ‘ನಿಮಗೆ ಸರಿಯಾಗಿ ಹಾಕ್ಕೊಳ್ಳೋಕೆ ಬರಲ್ಲ, ತನ್ನಿ’ ಅಂತ ತಲೆ ಹಿಂದಕ್ಕೆ ಬಗ್ಗಿಸಿ ಅವಳೇ ಮೂಗಿಗೆ ಬಿಟ್ಟಳು. ಸುಮ್ನೆ ಬಿಡಿಸ್ಕೊಂಡೆ. ಏನ್ ಮಾಡ್ಲಿ? ಆಮೇಲೆ ಬಚ್ಚಲಿಗೆ ಹೋಗಿ ಕಣ್ಣಿಗೆ ಹಾಕ್ಕೊಂಡೆ. ನಾಲ್ಕು ತಿಂಗಳಿಂದ ನನ್ನ ಮೂಗಿನಷ್ಟು ಆರೋಗ್ಯವಾಗಿರೋ ಮೂಗು ಊರಲ್ಲಿ ಇನ್ನೊಂದಿಲ್ಲ.

ನಗಲಿಲ್ಲ. ಇದಕ್ಕಾದ್ರೂ ನಗ್ತೀಯ ಅಂದ್ಕೊಂಡೆ.

ಎಲ್ಲಿ ನೋಡ್ತಿದೀಯ? ಗೇಟ್ ಕಡೆ. ವ್ಯಾನಾ.

ಗೊತ್ತು. ನೀನು ಕೇಳೋದಕ್ಕೆ ಮುಂಚೆ ನಾನೇ ಕೇಳ್ಕೊಂಡಿದೀನಿ. ಬಸ್ಸಿಂದ ರಿಟೈರ್ ಆದ್ಮೇಲೆ ಹಿಡಿದ ಸ್ಕೂಲ್ ವ್ಯಾನು, ಹನ್ನೊಂದು ಮಕ್ಕಳು. ದಿನಾ ಬೆಳಿಗ್ಗೆ, ಮಧ್ಯಾಹ್ನ. ಇಳಿಯೋ ಬಾಗಿಲು ಎಡಗಡೆ. ಡಾಕ್ಟ್ರು ಓಡಿಸ್ಬೇಡಿ ಅಂದ್ರು, ಇಲ್ಲ ಅನ್ನಲ್ಲ. ಅವ್ರಿಗೇನು ಗೊತ್ತು, ಮೂವತ್ತೊಂದು ವರ್ಷ ಅಂತ... ನಾನು ಮೆಲ್ಲಗೆ ಓಡಿಸ್ತೀನಿ. ತಲೆ ತಿರುಗಿಸಿ ನೋಡ್ತೀನಿ. ಮಕ್ಕಳು ಕಾಗೆಗಳ ಥರ ಸದ್ದು ಮಾಡ್ತಾವೆ, ಯಾವುದು ಎಲ್ಲಿದೆ ಅಂತ ಗೊತ್ತಾಗುತ್ತೆ.

ಒಂದು ಮಾತ್ರ ಸದ್ದು ಮಾಡಲ್ಲ.

ಎರಡು ಜಡೆಯದು, ಒಂದನೇ ಕ್ಲಾಸು. ಹೋದ ಸೋಮವಾರ ಇಳೀತು. ಇಳಿದು ಹೋಯ್ತು ಅಂದ್ಕೊಂಡೆ. ಗೇರ್ ಹಾಕ್ದೆ. ವ್ಯಾನಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಕಿರುಚಿದ್ವು. ಬ್ರೇಕ್ ಒತ್ತಿ ಇಳಿದು ಸುತ್ತು ಹಾಕ್ಕೊಂಡು ಓಡಿ ಬಂದು ನೋಡ್ತೀನಿ... ಎಡಗಡೆ ಚಕ್ರದ ಹತ್ರ ಕೂತ್ಕೊಂಡು ಶೂ ಲೇಸ್ ಕಟ್ಕೊಳ್ತಾ ಇತ್ತು. ಮೊಳದುದ್ದಾನೂ ಇರಲಿಲ್ಲ ಮಧ್ಯೆ. ತಲೆ ಎತ್ತಿ ‘ಇಲ್ಲೇ ಇದೀನಿ ಅಂಕಲ್’ ಅಂತು. ನಾನು ಹುಡುಕ್ತಾ ಇದೀನಿ ಅಂದ್ಕೊಂಡಿತ್ತು.

ಲೇಸ್ ನಾನೇ ಕಟ್ಟಿದೆ. ಒಂದು ಗಂಟು ಸಾಲದು ಅಂತ ಮೂರು ಗಂಟು ಹಾಕ್ದೆ.

ಅದಕ್ಕೇ ಬುಧವಾರ ನಿನ್ನ ಗಾಡಿ ತೆಗೆದದ್ದು. ಪೆಟ್ರೋಲಿಗಲ್ಲ. ವ್ಯಾನಿಗೆ ತಗಡು ಅಡ್ಡ, ಬಾಗಿಲು ಅಡ್ಡ, ಅದಕ್ಕೇ ಮಗು ಕಾಣಿಸಲಿಲ್ಲ, ಕಣ್ಣಿನದೇನೂ ತಪ್ಪಿಲ್ಲ ಅಂತ ನಂಗೆ ನಾನೇ ಹೇಳ್ಕೊಂಡಿದ್ದೆ. ಬೈಕಿಗೆ ಅಡ್ಡ ಏನಿರುತ್ತೆ? ಸುತ್ತ ಬಯಲು. ಕಂಡ್ರೆ ಎಲ್ಲಾ ಕಾಣ್ಬೇಕು. ಒಂದು ಸುತ್ತು ಹೋಗಿ ಬಂದ್ಬಿಟ್ರೆ ಗೊತ್ತಾಗುತ್ತೆ ಅಂತ ಹೋದೆ.

ಗೊತ್ತಾಯ್ತು.

ಬೆರಳು ಮಡಿಸಿ ಏನು ಎಣಿಸ್ತಿದೀಯ, ಗುರುವಾರಾನಾ? ...ಹೂಂ. ಹೋದೆ. ವ್ಯಾನ್ ತಗೊಂಡೇ ಹೋದೆ. ಶುಕ್ರವಾರಾನೂ. ಹಾಗೆ ನೋಡ್ಬೇಡ. ಬೆಳಿಗ್ಗೆ ಆ ಮಕ್ಕಳು ಗೇಟಲ್ಲಿ ನಿಂತು ವ್ಯಾನ್ ಕಂಡ ಕೂಡ್ಲೇ ಕುಣೀತಾವೆ. ಸ್ಟೀರಿಂಗ್ ಬಿಟ್ರೆ ನಾನು ಯಾರು ಹೇಳು? ಮನೇಲಿ ಕೂತು ತರಕಾರಿ ಹೆಚ್ಚೋನು. ನಿಮ್ಮಮ್ಮ ಅದನ್ನೂ ಸರಿಯಾಗಿ ಹೆಚ್ಚಲ್ಲ ಅಂತಾಳೆ. ಇನ್ನು ಮೂರು ತಿಂಗಳು ಕಳೆದ್ರೆ ಪರೀಕ್ಷೆ, ಆಮೇಲೆ ರಜ. ಅಲ್ಲೀವರೆಗೆ ಮೆಲ್ಲಗೆ, ತಲೆ ತಿರುಗಿಸಿ...

ಹೂಂ.

ಇಲ್ಲ, ನೀನೇನೂ ಅನ್ನಬೇಡ. ಅಷ್ಟೊತ್ತಿಂದ ಮಾತಾಡು ಮಾತಾಡು ಅಂತ ಪೀಡಿಸಿದೆ, ಈಗ ಬೇಡ.

ಏನು ಚಾಚ್ತಿದೀಯ, ನನ್ನ ಫೋನಾ? ಈಗ್ಲೇನಾ? ಭಾನುವಾರ ಆ ಸ್ಕೂಲ್ ಮೇಡಂಗೆ... ಸರಿ. ನಾಳೆ ಬೆಳಿಗ್ಗೆ ಹೇಳಿದ್ರೆ ಅವ್ರು ಬೇರೆ ಡ್ರೈವರ್‌ನ ಎಲ್ಲಿಂದ ತರ್ತಾರೆ. ಕೊಡು. ಕೈ ಎಣ್ಣೆ, ನೀನೇ ಒತ್ತು. ‘ಸ್ಕೂಲ್ ಹೆಡ್’ ಅಂತ ಇದೆ.

ಇಲ್ಲೇ ಕೂತಿರು. ಎಡಗಡೆ ಬೇಡ, ಈ ಕಡೆ ಬಾ. ನೀನು ಕಾಣ್ತಾ ಇರ್ಬೇಕು.

ಹಲೋ... ನಮಸ್ಕಾರ ಮೇಡಂ, ನಾನು ವ್ಯಾನ್ ಡ್ರೈವರು. ಭಾನುವಾರ ತೊಂದರೆ ಕೊಟ್ಟೆ. ನಾಳೆಗೆ ವ್ಯಾನಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಬೇಕು ಮೇಡಂ... ಇಲ್ಲ, ನಾಡಿದ್ದೂ ಬರಲ್ಲ. ...ಇಲ್ಲ ಇಲ್ಲ, ಜ್ವರ ಅಲ್ಲ. ...ಸಂಬಳದ್ದೂ ಅಲ್ಲ ಮೇಡಂ. ಒಂದು ನಿಮಿಷ ತಡ್ಕೊಳ್ಳಿ, ಹೇಳ್ತೀನಿ. ಮಗಳು ಎದುರಿಗೇ ಕೂತಿದಾಳೆ, ನೆಗಡಿ ಅನ್ನೋಕೂ ಆಗಲ್ಲ. ...ಅದು, ನಿಮ್ಮ ಒಂದನೇ ಕ್ಲಾಸಲ್ಲಿ ಎರಡು ಜಡೆಯ ಮಗು ಇದೆಯಲ್ಲ ಮೇಡಂ, ತುಂಬಾ ಮೆತ್ತಗೆ ಮಾತಾಡುತ್ತಲ್ಲ, ಅದು...